ಮೀಟಿಂಗ್‌ಗೆ ಒಗ್ಗುವ ವೈರ್‌ಲೆಸ್ ಹೆಡ್‌ಸೆಟ್: ಆರಿಸುವುದು ಹೇಗೆ?

ಹಾಡು ಕೇಳಲು ಚೆನ್ನಾಗಿರುವ ಹೆಡ್‌ಫೋನ್ ಆಫೀಸಿನ ವಿಡಿಯೊ ಕರೆಗೂ ಚೆನ್ನಾಗಿಯೇ ಇರುತ್ತದೆ ಎಂದುಕೊಂಡು ಕೊಳ್ಳುವವರು ಬಹಳ. ಎರಡರ ಕೆಲಸವೇ ಬೇರೆ. ಹಾಡಿಗೆ ಸ್ಪೀಕರ್ ಒಂದು ಚೆನ್ನಾಗಿದ್ದರೆ ಸಾಕು. ಕರೆಗೆ ಒಳ್ಳೆಯ ಮೈಕ್ ಬೇಕು, ಮೈಕ್ ಆನ್ ಆದ ಮೇಲೂ ಕೆಡದ ಸಂಪರ್ಕ ಬೇಕು, ಗಂಟೆಗಟ್ಟಲೆ ತಲೆಯ ಮೇಲಿದ್ದರೂ ನೋವು ಕೊಡಬಾರದು. ಹಾಗಾಗಿ ಮೊದಲು ತಲೆ ಮತ್ತು ಕಿವಿಗೆ ಹೊಂದುತ್ತದೆಯೇ ನೋಡಿ, ಆಮೇಲೆ ಮೈಕ್, ಅದಾದ ಮೇಲೆ ಸಂಪರ್ಕ. ಬಾಸ್ ಎಷ್ಟು ಗಟ್ಟಿ ಎಂಬ ವಿಚಾರ ಕೊನೆಗಿರಲಿ.

1. ನಿಮ್ಮ ದಿನದ ಲೆಕ್ಕ ಹಾಕಿ

ಒಂದು ವಾರದ ಕ್ಯಾಲೆಂಡರ್ ತೆರೆದು ಎರಡು ಸಂಖ್ಯೆ ಬರೆದುಕೊಳ್ಳಿ: ದಿನಕ್ಕೆ ಒಟ್ಟು ಎಷ್ಟು ಗಂಟೆ ಕರೆ, ಮತ್ತು ಹೆಡ್‌ಸೆಟ್ ತೆಗೆಯದೆ ಒಂದೇ ಸಮನೆ ಕೂರುವುದು ಹೆಚ್ಚೆಂದರೆ ಎಷ್ಟು ಹೊತ್ತು. ಬ್ಯಾಟರಿಯ ಆಯ್ಕೆಗೆ ಮೊದಲನೆಯದು ಬೇಕು, ಆರಾಮದ ಆಯ್ಕೆಗೆ ಎರಡನೆಯದು. ಅರ್ಧ ಗಂಟೆಯ ಕರೆಗೆ ಬಹುತೇಕ ಯಾವುದಾದರೂ ನಡೆಯುತ್ತದೆ. ಎರಡು ಗಂಟೆ ದಾಟಿದ ಮೇಲೆ ಸಣ್ಣ ಒತ್ತಡವೂ ತಲೆನೋವಾಗುತ್ತದೆ. ಕನ್ನಡಕ ಹಾಕುತ್ತೀರಾ, ಸುತ್ತಮುತ್ತ ಬೇರೆಯವರು ಮಾತನಾಡುತ್ತಿರುತ್ತಾರಾ, ಕರೆಯ ನಡುವೆ ಎದ್ದು ಓಡಾಡುತ್ತೀರಾ ಎಂಬುದನ್ನೂ ಗುರುತು ಹಾಕಿಕೊಳ್ಳಿ.

2. ಆಕಾರ, ತೂಕ

ಒಂದೇ ಕಿವಿಯ ಮೋನೋ ಹೆಡ್‌ಸೆಟ್ ಸಾಮಾನ್ಯವಾಗಿ 100 ಗ್ರಾಂ ಆಸುಪಾಸು ಇರುತ್ತದೆ. ಎರಡೂ ಕಿವಿಯ ಮೇಲೆ ಕೂರುವ ಆನ್-ಇಯರ್ ಮಾದರಿಗಳು ಹೆಚ್ಚಾಗಿ 120ರಿಂದ 180 ಗ್ರಾಂ, ಕಿವಿಯನ್ನು ಪೂರ್ತಿ ಸುತ್ತುವರಿಯುವ ಓವರ್-ಇಯರ್ ಮಾದರಿಗಳು 220ರಿಂದ 300 ಗ್ರಾಂ. ಗೇಮಿಂಗ್‌ಗೆಂದು ಮಾಡಿದವು ಇನ್ನೂ ಭಾರ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಕರೆ ಇದ್ದರೆ 200 ಗ್ರಾಂ ಒಳಗೇ ಹುಡುಕುವುದು ಒಳ್ಳೆಯದು.

ಮೋನೋದಲ್ಲಿ ಒಂದು ಕಿವಿ ತೆರೆದಿರುವುದರಿಂದ ನಿಮ್ಮ ದನಿ ನಿಮಗೆ ಸಹಜವಾಗಿ ಕೇಳುತ್ತದೆ, ಬಾಗಿಲು ತಟ್ಟಿದ್ದೂ ತಿಳಿಯುತ್ತದೆ. ಆದರೆ ಗದ್ದಲದ ಕೋಣೆಯಲ್ಲಿ ಎದುರಿನವರ ಮಾತು ಹಿಡಿಯಲು ಒದ್ದಾಡಬೇಕಾಗುತ್ತದೆ. ಇಯರ್‌ಬಡ್ ತಲೆಗೆ ಭಾರವೇ ಅಲ್ಲ, ನಿಜ. ಆದರೆ ಅದರ ಮೈಕ್ ಬಾಯಿಯಿಂದ ದೂರ. ಕಿವಿಯ ನಾಳ ಮುಚ್ಚಿಹೋಗಿ ನಿಮ್ಮ ದನಿಯೇ ತಲೆಯೊಳಗೆ ಗುಂಯ್‌ಗುಡುತ್ತದೆ. ಗಂಟೆಗಟ್ಟಲೆ ಹಾಕಿದರೆ ಒಳಗೆ ತೇವ ಕಟ್ಟಿ ತುರಿಕೆಯೂ ಬರಬಹುದು. ಅದು ಚಿಕ್ಕ ಕರೆಗಳಿಗೆ ಇರಲಿ.

3. ನೋವು ಎಲ್ಲಿ ಹುಟ್ಟುತ್ತದೆ ನೋಡಿ

ತೂಕಕ್ಕಿಂತ ಹೆಚ್ಚು ಕಾಡುವುದು ಬಿಗಿತ. ನೋವು ಬರುವುದು ಮುಖ್ಯವಾಗಿ ಮೂರು ಕಡೆ: ನೆತ್ತಿ, ಕಿವಿಯ ಮೃದ್ವಸ್ಥಿ, ಕನ್ನಡಕದ ಕಡ್ಡಿ ಹಾಯುವ ಜಾಗ.

ನೆತ್ತಿ ನೋಯುವುದು ಭಾರವೆಲ್ಲ ಒಂದೇ ಬಿಂದುವಿನ ಮೇಲೆ ಬಿದ್ದಾಗ. ಹೆಡ್‌ಬ್ಯಾಂಡಿನ ಕೆಳಗಿನ ಮೆತ್ತೆ ಅಗಲವಾಗಿರಬೇಕು, ಬೆರಳಿನಿಂದ ಒತ್ತಿದರೆ ಕೆಳಗಿನ ಪ್ಲಾಸ್ಟಿಕ್ ತಾಕಬಾರದು. ಎರಡೂ ಬದಿಯ ಕಡ್ಡಿಗಳನ್ನು ಎಳೆದು ಉದ್ದ ಹೊಂದಿಸಿ. ಕೊನೆಯ ಮೆಟ್ಟಿಲಿಗೆ ಎಳೆದಾಗ ಮಾತ್ರ ಕಿವಿಗೆ ಸರಿಹೋಗುತ್ತಿದ್ದರೆ ಆ ಹೆಡ್‌ಸೆಟ್ ನಿಮ್ಮ ತಲೆಗೆ ಚಿಕ್ಕದು.

ಆನ್-ಇಯರ್ ಪ್ಯಾಡ್ ಕಿವಿಯನ್ನೇ ತಲೆಗೆ ಒತ್ತುತ್ತದೆ. ಕೆಲವರಿಗೆ ಒಂದು ಗಂಟೆಯೊಳಗೇ ಕಿವಿಯ ಮೇಲ್ತುದಿ ಉರಿಯತೊಡಗುತ್ತದೆ. ಓವರ್-ಇಯರ್‌ನಲ್ಲಿ ಈ ತೊಂದರೆ ಇರಬಾರದು, ಆದರೆ ಹೆಸರಿಗೆ ಮಾತ್ರ ಓವರ್-ಇಯರ್ ಆಗಿರುವ ಮಾದರಿಗಳೂ ಉಂಟು. ವಯಸ್ಕರ ಕಿವಿ ಸುಮಾರು 6ರಿಂದ 6.5 ಸೆಂಟಿಮೀಟರ್ ಉದ್ದ. ಪ್ಯಾಡಿನ ಒಳಗಿನ ತೆರಪನ್ನು ಸ್ಕೇಲಿನಲ್ಲಿ ಅಳೆಯಿರಿ. ನಿಮ್ಮ ಕಿವಿಯ ಅಳತೆಗಿಂತ ಕಡಿಮೆ ಇದ್ದರೆ ಅಂಚು ಕಿವಿಯ ಮೇಲೇ ಕೂರುತ್ತದೆ. ಆಳವೂ ಮುಖ್ಯ: ಕಿವಿಯ ಹೊರಚಾಚಿದ ಭಾಗ ಒಳಗಿನ ಸ್ಪೀಕರ್ ಬಟ್ಟೆಗೆ ತಾಗುತ್ತಿದ್ದರೆ ಮೊದಲು ಗೊತ್ತಾಗುವುದಿಲ್ಲ, ಎರಡನೇ ಗಂಟೆಯಲ್ಲಿ ಗೊತ್ತಾಗುತ್ತದೆ.

ಕನ್ನಡಕದವರು ಕನ್ನಡಕ ಹಾಕಿಕೊಂಡೇ ಪರೀಕ್ಷಿಸಬೇಕು. ಪ್ಯಾಡ್ ಕಡ್ಡಿಯನ್ನು ತಲೆಗೆ ಒತ್ತಿ ಹಿಡಿಯುತ್ತದೆ, ಜೊತೆಗೆ ಕಡ್ಡಿಯ ಪಕ್ಕದ ಸಂದಿಯಿಂದ ಹೊರಗಿನ ಸದ್ದು ನುಸುಳುತ್ತದೆ. ಮೆತ್ತನೆಯ ದಪ್ಪ ಪ್ಯಾಡು, ತೆಳುವಾದ ಕಡ್ಡಿ ಇದ್ದರೆ ಎರಡೂ ತೊಂದರೆ ತಗ್ಗುತ್ತವೆ. ಹೊಸ ಹೆಡ್‌ಸೆಟ್ ಸ್ವಲ್ಪ ಬಿಗಿ ಎನಿಸಿದರೆ, ಒಳಗೆ ಲೋಹದ ಪಟ್ಟಿ ಇರುವ ಮಾದರಿಯಾದರೆ, ತಲೆಗಿಂತ ತುಸು ಅಗಲದ ಪುಸ್ತಕಗಳ ಕಟ್ಟಿಗೆ ರಾತ್ರಿಯಿಡೀ ಹಾಕಿಡಿ. ಕೈಯಿಂದ ಬಲವಾಗಿ ಹಿಗ್ಗಿಸಬೇಡಿ. ಮುರಿಯುವುದು ಸಾಮಾನ್ಯವಾಗಿ ಕೀಲಿನ ಬಳಿಯ ಪ್ಲಾಸ್ಟಿಕ್.

ಕೃತಕ ಚರ್ಮದ ಪ್ಯಾಡ್ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬೆವರುತ್ತದೆ. ಬೆವರು, ಎಣ್ಣೆ ತಾಗಿ ಕಾಲಕ್ರಮೇಣ ಸಿಪ್ಪೆ ಏಳುತ್ತದೆ. ಬಟ್ಟೆಯದು ತಣ್ಣಗಿರುತ್ತದೆ, ಸದ್ದು ಸ್ವಲ್ಪ ಸೋರುತ್ತದೆ. ಯಾವುದೇ ಇರಲಿ, ಬಿಡಿ ಪ್ಯಾಡ್ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿ. ಪ್ಯಾಡ್ ಸಿಗದ ಕಾರಣಕ್ಕೆ ಚೆನ್ನಾಗಿ ಕೆಲಸ ಮಾಡುವ ಹೆಡ್‌ಸೆಟ್ ಮೂಲೆ ಸೇರುವುದು ನಿಜಕ್ಕೂ ಬೇಸರದ ವಿಷಯ.

4. ಮೈಕ್: ಎದುರಿನವರ ಕಿವಿಯಿಂದ ಯೋಚಿಸಿ

ಪೆಟ್ಟಿಗೆಯ ಮೇಲಿನ ‘ನಾಯ್ಸ್ ಕ್ಯಾನ್ಸಲಿಂಗ್’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಎಎನ್‌ಸಿ ಎಂದರೆ ನಿಮ್ಮ ಕಿವಿಗೆ ಬರುವ ಸದ್ದನ್ನು ತಗ್ಗಿಸುವುದು. ಅದರಿಂದ ಎದುರಿನವರಿಗೆ ಯಾವ ಉಪಕಾರವೂ ಇಲ್ಲ. ಅವರಿಗೆ ಫ್ಯಾನಿನ ಸದ್ದು ಕೇಳಬಾರದೆಂದರೆ ಮೈಕಿನಲ್ಲೇ ಸದ್ದು ತಡೆಯುವ ವ್ಯವಸ್ಥೆ ಇರಬೇಕು. ಮೀಟಿಂಗ್‌ಗೆ ಹೆಚ್ಚು ಬೇಕಾದ್ದು ಈ ಎರಡನೆಯದು.

ಬಾಯಿಯ ಬಳಿಗೆ ಚಾಚುವ ಬೂಮ್ ಮೈಕ್ ಇರುವುದನ್ನೇ ಆರಿಸಿ. ಬಾಯಿಗೂ ಮೈಕಿಗೂ ನಡುವಿನ ದೂರ ಎರಡು ಪಟ್ಟಾದರೆ ದನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಸದ್ದು ಮಾತ್ರ ಹಾಗೇ ಉಳಿಯುತ್ತದೆ. ಮೈಕಿನ ತುದಿ ತುಟಿಯ ಮೂಲೆಯಿಂದ ಸುಮಾರು ಎರಡು ಬೆರಳಿನಷ್ಟು ದೂರ, ತುಸು ಕೆಳಗೆ ಇರಲಿ. ಬಾಯಿಯ ನೇರಕ್ಕೆ ಇಟ್ಟರೆ ಪ, ಫ, ಭ ಅಕ್ಷರಗಳ ಉಸಿರು ಬಡಿದು ‘ಡಬ್’ ಎನ್ನುತ್ತದೆ. ಬೂಮ್ ತಿರುಚಿಕೊಂಡು ಮೈಕಿನ ರಂಧ್ರ ಹೊರಮುಖವಾಗಿದ್ದರೆ, ಅದು ನಿಮ್ಮ ದನಿಯನ್ನೇ ಗದ್ದಲವೆಂದು ತಿಳಿದು ಅಡಗಿಸಬಹುದು. ‘ನಿಮ್ಮ ಮಾತು ದೂರದಿಂದ ಕೇಳಿಸುತ್ತಿದೆ’ ಎಂದು ಯಾರಾದರೂ ಹೇಳಿದರೆ ಮೊದಲು ನೋಡಬೇಕಾದ್ದು ಇದನ್ನೇ.

ಸೈಡ್‌ಟೋನ್ ಇದೆಯೇ ಎಂದೂ ವಿಚಾರಿಸಿ. ನಿಮ್ಮ ದನಿಯನ್ನು ಸಣ್ಣಗೆ ನಿಮಗೇ ಕೇಳಿಸುವ ಸೌಲಭ್ಯ ಅದು. ಎರಡೂ ಕಿವಿ ಮುಚ್ಚಿದಾಗ ಇದಿಲ್ಲದಿದ್ದರೆ ಗೊತ್ತಿಲ್ಲದೆಯೇ ಗಟ್ಟಿಯಾಗಿ ಮಾತನಾಡುತ್ತೀರಿ, ಸಂಜೆಗೆ ಗಂಟಲು ಕಟ್ಟುತ್ತದೆ.

5. ಬ್ಲೂಟೂತ್ ಒಂದೇ ಸಾಕೆ?

ಹಾಡು ಕೇಳುವಾಗ ಸೊಗಸಾಗಿದ್ದ ಹೆಡ್‌ಸೆಟ್, ಕರೆ ಶುರುವಾದ ಕೂಡಲೇ ಹಳೆಯ ರೇಡಿಯೊದಂತೆ ಕೇಳಿಸುವುದಕ್ಕೆ ಕಾರಣವಿದೆ. ಸಾಂಪ್ರದಾಯಿಕ ಬ್ಲೂಟೂತ್ ಹಾಡಿಗೆ ಎ2ಡಿಪಿ ಎಂಬ ಒಮ್ಮುಖ ಸ್ಟೀರಿಯೊ ಹಾದಿಯನ್ನು ಬಳಸುತ್ತದೆ. ಮೈಕ್ ಬೇಕಾದಾಗ ಎಚ್‌ಎಫ್‌ಪಿ ಎಂಬ ಇಮ್ಮುಖ ಹಾದಿಗೆ ಬದಲಾಗುತ್ತದೆ, ಅಲ್ಲಿ ಗುಣಮಟ್ಟ ಇಳಿಯುತ್ತದೆ. ಹಳೆಯ ಸಿವಿಎಸ್‌ಡಿ ಕೋಡೆಕ್‌ನಲ್ಲಿ (ಕೋಡೆಕ್ ಎಂದರೆ ದನಿಯನ್ನು ಕುಗ್ಗಿಸಿ ಕಳಿಸುವ ವಿಧಾನ) ದನಿಯ ಮಾದರಿ ತೆಗೆಯುವುದು ಸೆಕೆಂಡಿಗೆ 8,000 ಬಾರಿ ಮಾತ್ರ. ಹೀಗಾದಾಗ 4 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದು ಕಳೆದುಹೋಗಿ ಸ, ಶ, ಷ ಕಲಸಿಕೊಳ್ಳುತ್ತವೆ. ಎಂಎಸ್‌ಬಿಸಿ ಕೋಡೆಕ್ 16,000ಕ್ಕೆ ಏರಿಸುತ್ತದೆ. ಮಾತಿಗೆ ಅದು ಸಾಕು. ಬ್ಲೂಟೂತಿನ ಹೊಸ ವಿಧಾನವಾದ ಎಲ್‌ಇ ಆಡಿಯೊ ಇನ್ನೂ ಉತ್ತಮ, ಆದರೆ ಹೆಡ್‌ಸೆಟ್ ಮತ್ತು ಕಂಪ್ಯೂಟರ್ ಎರಡರಲ್ಲೂ ಅದು ಇದ್ದರಷ್ಟೇ ಪ್ರಯೋಜನ.

ಲ್ಯಾಪ್‌ಟಾಪಿನಲ್ಲೇ ಹೆಚ್ಚು ಕರೆ ಮಾಡುವವರು ಯುಎಸ್‌ಬಿ ಡಾಂಗಲ್ (ಪೋರ್ಟಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ಸಾಧನ) ಜೊತೆಗೆ ಬರುವ ಹೆಡ್‌ಸೆಟ್ ಕೊಳ್ಳುವುದು ಜಾಣತನ. ಡಾಂಗಲ್ ಮತ್ತು ಹೆಡ್‌ಸೆಟ್ ಒಂದಕ್ಕೊಂದು ಹೊಂದುವಂತೆ ಕಾರ್ಖಾನೆಯಲ್ಲೇ ಸಿದ್ಧವಾಗಿರುತ್ತವೆ. ಕಂಪ್ಯೂಟರಿಗೆ ಅದು ಸಾಮಾನ್ಯ ಯುಎಸ್‌ಬಿ ಆಡಿಯೊ ಸಾಧನದಂತೆ ಕಾಣುವುದರಿಂದ ಲ್ಯಾಪ್‌ಟಾಪಿನ ಬ್ಲೂಟೂತ್‌ನ ತಕರಾರುಗಳು ಅಡ್ಡ ಬರುವುದಿಲ್ಲ. ದನಿ ತುಂಡುತುಂಡಾದರೆ ಡಾಂಗಲ್ ಎಲ್ಲಿದೆ ನೋಡಿ. ಯುಎಸ್‌ಬಿ 3.0 ಪೋರ್ಟು ಮತ್ತು ಅದರ ಕೇಬಲ್‌ಗಳು 2.4 ಗಿಗಾಹರ್ಟ್ಸ್ ಸುತ್ತ ರೇಡಿಯೊ ಗದ್ದಲ ಎಬ್ಬಿಸುತ್ತವೆ, ಡಾಂಗಲ್ ಕೆಲಸ ಮಾಡುವುದೂ ಅಲ್ಲೇ. ಹೊರಗಿನ ಹಾರ್ಡ್ ಡಿಸ್ಕಿನ ಪಕ್ಕದಿಂದ ತೆಗೆದು ಯುಎಸ್‌ಬಿ 2.0 ಪೋರ್ಟಿಗೆ ಹಾಕಿ, ಇಲ್ಲವೇ ಅರ್ಧ ಮೀಟರಿನ ಎಕ್ಸ್‌ಟೆನ್ಷನ್ ಕೇಬಲ್ ಬಳಸಿ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದರೂ ಸಹಾಯವಾಗುತ್ತದೆ. ಕರೆಯಲ್ಲಿ ಕೋಣೆಯಿಂದ ಕೋಣೆಗೆ ಓಡಾಡುವವರಿಗೆ ಕಾರ್ಡ್‌ಲೆಸ್ ಫೋನಿನ ತಂತ್ರ ಬಳಸುವ ಡೆಕ್ಟ್ ಹೆಡ್‌ಸೆಟ್‌ಗಳಿವೆ: ಬೇರೆ ತರಂಗಾಂತರ, ಹೆಚ್ಚು ದೂರ, ಆದರೆ ಅದರದೇ ಬೇಸ್ ಅಥವಾ ಡಾಂಗಲ್ ಬೇಕು, ಫೋನಿಗೆ ನೇರವಾಗಿ ಜೋಡಿಸಲಾಗದು.

6. ಉಳಿದ ಸಣ್ಣಪುಟ್ಟವು

ಬ್ಯಾಟರಿಯಲ್ಲಿ ‘ಟಾಕ್ ಟೈಮ್’ ನೋಡಿ, ಹಾಡಿನ ಗಂಟೆಗಳನ್ನಲ್ಲ. ದಿನದ ಕರೆಯ ಎರಡರಷ್ಟಿದ್ದರೆ ನಿಶ್ಚಿಂತೆ. ಚಾರ್ಜ್ ಆಗುತ್ತಿರುವಾಗಲೂ ಬಳಸಬಹುದೇ ಎಂದು ಕೇಳಿ, ಕೆಲವು ಆಫ್ ಆಗಿಬಿಡುತ್ತವೆ. ಮ್ಯೂಟ್‌ಗೆ ಕೈಗೆ ಸಿಗುವ ಬಟನ್ ಇರಲಿ. ಬೂಮ್ ಮೇಲೆತ್ತಿದರೆ ಮ್ಯೂಟ್ ಆಗುವುದು ಇನ್ನೂ ಸಲೀಸು. ಫೋನನ್ನೂ ಲ್ಯಾಪ್‌ಟಾಪನ್ನೂ ಒಟ್ಟಿಗೆ ಜೋಡಿಸುವ ಮಲ್ಟಿಪಾಯಿಂಟ್ ಅನುಕೂಲವೇ, ಆದರೆ ಮೀಟಿಂಗ್ ನಡುವೆ ಫೋನ್ ರಿಂಗಾದರೆ ದನಿ ಅತ್ತ ಹೋಗಬಹುದು. ಮುಖ್ಯ ಕರೆಗೆ ಮುಂಚೆ ಫೋನಿನ ಬ್ಲೂಟೂತ್ ಆಫ್ ಮಾಡಿ.

7. ಮರಳಿಸುವ ಅವಧಿ ಮುಗಿಯುವ ಮೊದಲೇ ಪರೀಕ್ಷಿಸಿ

ಅಂಗಡಿಯಲ್ಲಿ ಐದು ನಿಮಿಷ ಹಾಕಿ ನೋಡಿದ್ದು ಲೆಕ್ಕಕ್ಕಿಲ್ಲ. ಮನೆಯಲ್ಲಿ ನಿಮ್ಮ ಅತಿ ದೀರ್ಘ ಮೀಟಿಂಗ್ ಎಷ್ಟೋ ಅಷ್ಟು ಹೊತ್ತು ತೆಗೆಯದೆ ಹಾಕಿ. ಕೀಬೋರ್ಡ್ ಕಡೆ ಬಗ್ಗಿದಾಗ ಜಾರಬಾರದು. ತೆಗೆದ ಮೇಲೆ ಕನ್ನಡಿಯಲ್ಲಿ ನೋಡಿ: ಪ್ಯಾಡಿನ ಸುತ್ತ ತಿಳಿಗೆಂಪು ಸಹಜ, ಒಂದೇ ಜಾಗದಲ್ಲಿ ಕಡುಗೆಂಪು ಗುರುತು ಇದ್ದರೆ ಭಾರ ಸರಿಯಾಗಿ ಹಂಚಿಲ್ಲ.

ಆಮೇಲೆ ಮೀಟಿಂಗ್ ಆ್ಯಪ್ ತೆರೆದು, ಮೈಕ್ ಮತ್ತು ಸ್ಪೀಕರ್ ಎರಡರಲ್ಲೂ ಹೆಡ್‌ಸೆಟ್ ಹೆಸರೇ ಇದೆಯೇ ನೋಡಿ. ಎಷ್ಟೋ ಬಾರಿ ಆ್ಯಪ್ ಸುಮ್ಮನೆ ಲ್ಯಾಪ್‌ಟಾಪಿನ ಮೈಕ್ ಹಿಡಿದಿರುತ್ತದೆ. ಫ್ಯಾನ್ ಹಾಕಿ, ಟೈಪ್ ಮಾಡುತ್ತಾ, ಒಂದು ನಿಮಿಷ ಮಾತನಾಡಿ ರೆಕಾರ್ಡ್ ಮಾಡಿ, ಬೇರೆ ಸ್ಪೀಕರಿನಲ್ಲಿ ಕೇಳಿ. ಪದಗಳ ಮೊದಲ ಅಕ್ಷರ ನುಂಗಿಹೋಗುತ್ತಿದ್ದರೆ ಹೆಡ್‌ಸೆಟ್ಟೂ ಆ್ಯಪೂ ಎರಡೂ ಗದ್ದಲ ಸೋಸಲು ಹೊರಟಿವೆ ಎಂದರ್ಥ. ಆ್ಯಪ್‌ನ ಸೋಸುವಿಕೆಯನ್ನು ಕಡಿಮೆ ಮಟ್ಟಕ್ಕೆ ಇಳಿಸಿ. ಬಳಿಕ ಮಾತನಾಡುತ್ತಲೇ ಕೋಣೆಯಾಚೆ ನಡೆದು, ದನಿ ಎಲ್ಲಿ ಮುರಿಯುತ್ತದೆ ಎಂದು ತಿಳಿದುಕೊಳ್ಳಿ.

ಇಷ್ಟೆಲ್ಲ ಹೊಂದಿಸಿದ ಮೇಲೂ ನಾಲ್ಕನೇ ದಿನಕ್ಕೆ ಕಿವಿಯ ಮೇಲ್ತುದಿ ನೋಯುತ್ತಿದ್ದರೆ ‘ಅಭ್ಯಾಸವಾಗುತ್ತದೆ’ ಎಂದು ತಡೆದುಕೊಳ್ಳಬೇಡಿ. ಆನ್-ಇಯರ್ ಮರಳಿಸಿ, ಒಳತೆರಪು ದೊಡ್ಡದಿರುವ ಹಗುರ ಓವರ್-ಇಯರ್ ತನ್ನಿ. ನೆತ್ತಿ ನೋಯುತ್ತಿದ್ದರೆ ಕಿವಿಗೆ ಬೇರೆ ಪ್ಯಾಡ್ ಹಾಕಿ ಉಪಯೋಗವಿಲ್ಲ, ಹಗುರವಾದದ್ದೇ ಬೇಕು.