ಬಾಕ್ಸಿಂಗ್ ಫೈಟಲ್ಲಿ ಕಳ್ಳಾಟ ಹಿಡಿಯೋದು ಹೇಗೆ

ಪ್ರೊಫೆಷನಲ್ ಬಾಕ್ಸಿಂಗ್ ಹೊಸದಾಗಿ ನೋಡೋಕೆ ಶುರು ಮಾಡಿದವ್ರು ಕೇಳೋ ಮೊದಲ್ನೇ ಪ್ರಶ್ನೆ, ಹೊಡೆಯೋದೇ ಆಟ ಅಂದ್ಮೇಲೆ ಅದ್ರಲ್ಲಿ ಮೋಸ ಎಲ್ಲಿಂದ ಬಂತು ಅಂತ. ಬೇಕಾದಷ್ಟಿದೆ ಸ್ವಾಮಿ, ಆದ್ರೆ ಪಂಚ್ ಮೇಲೇ ಕಣ್ಣಿಟ್ಟು ಕೂತ್ರೆ ಒಂದೂ ಕಾಣಲ್ಲ.

ಮೊದಲು ನೋಡ್ಬೇಕಾಗಿರೋದು ಬಾಕ್ಸರ್‌ಗಳನ್ನಲ್ಲ, ರೆಫರೀನ. ಅವನು ಯಾವ ಕಡೆ ನಿಂತಿದಾನೆ, ಅವನಿಗೆ ಕಾಣದೇ ಇರೋ ಕೈ ಯಾವ್ದು ಅಂತ ಲೆಕ್ಕ ಹಾಕಿ, ಆಮೇಲೆ ಆ ಕೈನೇ ನೋಡ್ತಾ ಇರಿ. ಇಬ್ರೂ ತಬ್ಕೊಂಡು ನಿಂತಾಗ, ಅಂದ್ರೆ ಕ್ಲಿಂಚಲ್ಲಿ, ಅಸಲಿ ಕೆಲ್ಸ ನಡಿಯೋದು. ಒಂದು ಕೈಲಿ ಎದುರಾಳಿ ತೋಳು ಕಂಕುಳಲ್ಲಿ ಅಮುಕಿ ಹಿಡ್ಕೊಂಡು ಇನ್ನೊಂದು ಕೈಲಿ ಬೆನ್ನ ಕೆಳಗೆ ಕಿಡ್ನಿ ಹತ್ರ ಗುದ್ದೋದು, ಮುಂದೋಳನ್ನ ಗಂಟಲಿಗೆ ಒತ್ತೋದು, ಬಿಡಿಸ್ಕೊಂಡು ಹೋಗೋವಾಗ ಭುಜದಿಂದ ಗಲ್ಲಕ್ಕೊಂದು ಕೊಟ್ಟು ಏನೂ ಗೊತ್ತಿಲ್ದೋನ ಥರ ಹಿಂದೆ ಸರಿಯೋದು. ಬರ್ನಾರ್ಡ್ ಹಾಪ್ಕಿನ್ಸ್ ಈ ವಿದ್ಯೆಲಿ ಪಂಡಿತ. 49ನೇ ವಯಸ್ಸಲ್ಲೂ ಚಾಂಪಿಯನ್ ಆಗಿದ್ದ ಅಂದ್ರೆ ಅದ್ರಲ್ಲಿ ಇದ್ರ ಪಾಲೂ ಇದೆ ಅಂತ ನನ್ ಅಭಿಪ್ರಾಯ.

ಆಮೇಲೆ ತಲೆ. ಟೈಸನ್ ಹೋಲಿಫೀಲ್ಡ್ ಕಿವೀನ ಕಚ್ಚಿದ್ದು ಎಲ್ರಿಗೂ ಗೊತ್ತು, 1997 ಜೂನ್ 28, ಲಾಸ್ ವೇಗಸ್, ಮೂರನೇ ರೌಂಡು. ಒಂದ್ಸಲ ಕಚ್ಚಿದ್ದಕ್ಕೆ ರೆಫರಿ ಮಿಲ್ಸ್ ಲೇನ್ ಎರಡು ಪಾಯಿಂಟ್ ಕಟ್ ಮಾಡಿದ್ರು, ಇವನು ಹೋಗಿ ಇನ್ನೊಂದು ಕಿವೀನೂ ಕಚ್ಚಿದ, ಡಿಸ್‌ಕ್ವಾಲಿಫೈ ಆದ, ಲೈಸೆನ್ಸ್ ಹೋಯ್ತು, 30 ಲಕ್ಷ ಡಾಲರ್ ದಂಡ ಬಿತ್ತು. ಆದ್ರೆ ಅದಕ್ಕೂ ಮುಂಚೆ ಎರಡನೇ ರೌಂಡಲ್ಲಿ ಹೋಲಿಫೀಲ್ಡ್ ತಲೆ ತಾಗಿ ಟೈಸನ್ ಹುಬ್ಬು ಸೀಳಿತ್ತು, 1996ರ ಮೊದಲ್ನೇ ಫೈಟಲ್ಲೂ ಇದೇ ತಲೆ ಬಗ್ಗೆ ಗಲಾಟೆ ಆಗಿತ್ತು, ಅದನ್ನ ಯಾರೂ ನೆನಪಿಟ್ಕೊಂಡಿಲ್ಲ. ಹಂಗಂತ ಕಚ್ಚಿದ್ದು ಸರಿ ಅಂತಲ್ಲ ಬಿಡಿ.

ತಲೆ ತಾಗಿದ್ದು ಬೇಕಂತ್ಲೋ ಆಕಸ್ಮಿಕವೋ ಹೇಳೋದ್ ಹೆಂಗೆ? ಒಬ್ಬ ಎಡಗೈ ಬಾಕ್ಸರ್ರು ಇನ್ನೊಬ್ಬ ಬಲಗೈ ಆಗಿದ್ರೆ ಇಬ್ರ ಮುಂದಿನ ಕಾಲುಗಳು ಒಂದೇ ಕಡೆ ಬೀಳ್ತವೆ, ತಲೆಗಳೂ ಡಿಕ್ಕಿ ಹೊಡೀತವೆ, ಅಂಥ ಫೈಟಲ್ಲಿ ಸ್ವಲ್ಪ ಉದಾರವಾಗಿರಿ. ಅದೇ ಒಬ್ಬನ ತಲೆ ಎದುರಾಳಿ ಎದೆ ಮಟ್ಟಕ್ಕೆ ಇಳಿದು ಅಲ್ಲಿಂದ ಮೇಲಕ್ಕೆ ಎದ್ದು ಬರ್ತಿದೆ, ಜೊತೆಗೆ ಕೈಯಿಂದ ಪಂಚ್ ಬರ್ತಿಲ್ಲ ಅಂದ್ರೆ ಅನುಮಾನ ಪಡಿ. ಮೂರು ರೌಂಡಲ್ಲಿ ಮೂರ್ ಸಲ ಹಂಗೇ ಆದ್ರೆ ಮತ್ತೆ ಅದು ಆಕಸ್ಮಿಕ ಅಲ್ಲ, ಕಳ್ಳನಿಗೊಂದು ಪಿಳ್ಳೆ ನೆವ ಅಷ್ಟೇ. ಇನ್ನೊಂದು ಗೊತ್ತಿರ್ಲಿ, ಆಕಸ್ಮಿಕವಾಗಿ ತಲೆ ತಾಗಿ ಫೈಟ್ ನಿಂತ್ರೆ, ಅಮೆರಿಕದ ಯೂನಿಫೈಡ್ ರೂಲ್ಸ್ ಪ್ರಕಾರ ನಾಲ್ಕು ರೌಂಡ್ ಮುಗಿಯೋಕ್ ಮುಂಚೆ ಆದ್ರೆ ಫಲಿತಾಂಶ ಇಲ್ಲ, ನಾಲ್ಕು ಮುಗಿದ್ಮೇಲಾದ್ರೆ ಅಲ್ಲಿವರೆಗಿನ ಸ್ಕೋರ್ ನೋಡಿ ಗೆದ್ದವನ್ಯಾರು ಅಂತ ಹೇಳ್ತಾರೆ. ಹಾಗಾಗಿ ಹುಬ್ಬಿಂದ ರಕ್ತ ಸುರೀತಿರೋನ ಕಾರ್ನರ್‌ನವ್ರು, ಅಂದ್ರೆ ರಿಂಗ್ ಮೂಲೇಲಿರೋ ಅವನ ಟ್ರೈನರ್ ತಂಡ, ಐದನೇ ರೌಂಡ್ ಶುರುವಾದ ತಕ್ಷಣ ಹೆಂಗೆ ಬದಲಾಗ್ತಾರೆ ಗಮನಿಸಿ, ಮಜಾ ಇರತ್ತೆ.

ಸೊಂಟದ ಕೆಳಗಿನ ಏಟು ನೋಡೋಕೆ ಮೊದಲು ಚಡ್ಡಿ ನೋಡಿ. ಗೆರೆ ಇರೋದು ಹೊಕ್ಕುಳ ಮಟ್ಟಕ್ಕೆ, ಆದ್ರೆ ಕೆಲವ್ರು ಚಡ್ಡೀನ ಪಕ್ಕೆಲುಬಿನವರೆಗೂ ಎಳ್ಕೊಂಡ್ ಬರ್ತಾರೆ, ಆಗ ಸರಿಯಾದ ಏಟೂ ಕೆಳಗೆ ಬಿದ್ದಂಗೆ ಕಾಣತ್ತೆ. ಏಟು ತಿಂದವನಿಗೆ ಸುಧಾರಿಸ್ಕೊಳ್ಳೋಕೆ ಐದು ನಿಮಿಷದವರೆಗೂ ಟೈಮ್ ಸಿಗತ್ತೆ, ಅದನ್ನ ಉಪಯೋಗಿಸ್ಕೊಂಡು ನಾಟಕ ಆಡೋರೂ ಇದಾರೆ. 2023ರಲ್ಲಿ ಪೋಲೆಂಡಿನ ವ್ರೊತ್ಸ್ವಾಫ್‌ನಲ್ಲಿ ಡುಬುವಾ ಹೊಡೆದ ಏಟಿಗೆ ಉಸಿಕ್ ಬಿದ್ದಿದ್ದು ಕೆಳಗಿನ ಏಟೋ ಮೇಲಿನದೋ ಅಂತ ಜನ ಇವತ್ತಿಗೂ ಕಚ್ಚಾಡ್ತಾರೆ. ನನ್ ಕಣ್ಣಿಗೆ ಗೆರೆ ಮೇಲೇ ಬಿತ್ತು, ನಿಮಗೆ ಬೇರೆ ಕಂಡ್ರೆ ಜಗಳ ಇಲ್ಲ. ಆದ್ರೆ ಆಂಡ್ರ್ಯೂ ಗೊಲೋಟದು ಯಾವ ಅನುಮಾನಾನೂ ಇಲ್ಲ, 1996ರಲ್ಲಿ ರಿಡಿಕ್ ಬೋ ವಿರುದ್ಧ ಎರಡು ಫೈಟ್, ಎರಡ್ರಲ್ಲೂ ಮುಂದಿದ್ದ, ಎರಡ್ರಲ್ಲೂ ಕೆಳಗೆ ಹೊಡೆದೂ ಹೊಡೆದೂ ಡಿಸ್‌ಕ್ವಾಲಿಫೈ ಆದ. ಗೆಲ್ತಾ ಇರೋನು ಯಾಕಪ್ಪಾ ಹಂಗ್ ಮಾಡ್ತಾನೆ?

ಇಷ್ಟೆಲ್ಲಾ ನೋಡಿ ನಗಬಹುದು, ತಲೆ ಹಿಂಭಾಗಕ್ಕೆ ಹೊಡೆಯೋದು ಮಾತ್ರ ನಗೋ ವಿಷಯ ಅಲ್ಲ. ರ‍್ಯಾಬಿಟ್ ಪಂಚ್ ಅಂತಾರೆ. 2015 ಅಕ್ಟೋಬರ್‌ನಲ್ಲಿ ವರ್ಜೀನಿಯಾದಲ್ಲಿ ಪ್ರಿಚರ್ಡ್ ಕೊಲೊನ್ ಅನ್ನೋ ಹುಡುಗ, ಎದುರಾಳಿ ತಲೆ ಹಿಂದೆ ಹೊಡೀತಿದಾನೆ ಅಂತ ರೆಫರಿಗೆ ಹೇಳ್ತಾನೇ ಇದ್ದ, ಫೈಟ್ ನಡೀತಾನೇ ಇತ್ತು, ಒಂಬತ್ತನೇ ರೌಂಡ್ ಆದ್ಮೇಲೆ ಅವನ ಕಾರ್ನರ್‌ನವ್ರು ಫೈಟ್ ಮುಗೀತು ಅಂದ್ಕೊಂಡು ಗ್ಲೌಸ್ ಬಿಚ್ಚೋಕೆ ಶುರು ಮಾಡಿದ್ರು, ಅದಕ್ಕೆ ಕೊಲೊನ್‌ನೇ ಡಿಸ್‌ಕ್ವಾಲಿಫೈ ಆದ. ಮೆದುಳಲ್ಲಿ ರಕ್ತಸ್ರಾವ ಆಗಿತ್ತು, ತಿಂಗಳುಗಟ್ಲೆ ಕೋಮಾ. ಯಾರಾದ್ರೂ ತಲೆ ಹಿಂದೆ ಕೈ ಇಟ್ಟು ರೆಫರಿ ಕಡೆ ನೋಡ್ತಿದ್ರೆ ಅದನ್ನ ಗೋಳಾಟ ಅಂತ ತಳ್ಳಿಹಾಕ್ಬೇಡಿ.

ರಿಂಗಿಗೆ ಬರೋಕ್ ಮುಂಚಿನ ಕಳ್ಳಾಟ ಇನ್ನೂ ಹೇಸಿಗೆ. 1983 ಜೂನ್, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಲೂಯಿಸ್ ರೆಸ್ಟೋ ಗೆದ್ದ, ಸೋತ ಬಿಲ್ಲಿ ಕಾಲಿನ್ಸ್ ಮುಖ ಊದಿ ಕಣ್ಣೇ ಕಾಣ್ತಿರ್ಲಿಲ್ಲ. ಕಾಲಿನ್ಸ್ ಅಪ್ಪ ರೆಸ್ಟೋ ಕೈ ಕುಲುಕಿದಾಗ ಗ್ಲೌಸ್ ತೆಳ್ಳಗಿರೋದು ಕೈಗೆ ಗೊತ್ತಾಯ್ತು, ಒಳಗಿನ ಪ್ಯಾಡಿಂಗ್ ತೆಗೆದಿದ್ರು! ಆ ಹುಡುಗ ಮತ್ತೆ ಫೈಟ್ ಮಾಡ್ಲೇ ಇಲ್ಲ, ಮಾರನೇ ವರ್ಷ ಕಾರ್ ಆಕ್ಸಿಡೆಂಟಲ್ಲಿ ಸತ್ತ. ರೆಸ್ಟೋ ಮತ್ತೆ ಅವನ ಟ್ರೈನರ್ ಪನಾಮಾ ಲೂಯಿಸ್ ಜೈಲಿಗೆ ಹೋದ್ರು. ಇಂಥ ಮೋಸ ಆಗ್ಬಾರ್ದು ಅಂತ್ಲೇ ಗ್ಲೌಸ್ ಹಾಕೋಕ್ ಮುಂಚೆ ಕೈಗೆ ಪಟ್ಟಿ ಸುತ್ತೋವಾಗ ಎದುರಾಳಿ ಕಡೆಯವನೊಬ್ಬ ಪಕ್ಕದಲ್ಲೇ ನಿಂತಿರ್ತಾನೆ, ಟೀವಿಲಿ ಡ್ರೆಸ್ಸಿಂಗ್ ರೂಮ್ ತೋರಿಸಿದ್ರೆ ಎದ್ದು ಕಾಫಿ ತರೋಕೆ ಹೋಗ್ಬೇಡಿ. 2009ರಲ್ಲಿ ಮಾರ್ಗರಿಟೋ ಪಟ್ಟಿಯೊಳಗಿದ್ದ ಗಟ್ಟಿ ಪ್ಯಾಡನ್ನ ಹಿಡಿದಿದ್ದು ಹಾಗೆ ನಿಂತಿದ್ದ, ಎದುರಾಳಿ ಮೋಸ್ಲಿಯ ಟ್ರೈನರ್ ನಜೀಮ್ ರಿಚರ್ಡ್‌ಸನ್.

ನಿಯಮದೊಳಗೇ ಇದ್ದು ಕೆಟ್ಟದಾಗಿ ಕಾಣೋದೂ ಇದೆ. 2011ರಲ್ಲಿ ಆರ್ಟಿಜ್ ತಲೆಯಿಂದ ಗುದ್ದಿ, ಒಂದು ಪಾಯಿಂಟ್ ಕಳ್ಕೊಂಡು, ಸಾರಿ ಅಂತ ಮೇವೆದರ್‌ನ ತಬ್ಕೊಂಡು ಕೈ ಇಳಿಬಿಟ್ಟು ನಿಂತಿದ್ದ, ಮೇವೆದರ್ ಎಡಗೈ ಬಲಗೈ ಎರಡು ಕೊಟ್ಟು ಮಲಗಿಸಿಬಿಟ್ಟ. ಫೈಟ್ ಮತ್ತೆ ಶುರುವಾಗಿತ್ತು, ಹೊಡೆದಿದ್ದು ತಪ್ಪಲ್ಲ, ಆದ್ರೂ ನಂಗಿಷ್ಟ ಆಗ್ಲಿಲ್ಲ.

ದೊಡ್ಡತನ ನೋಡ್ಬೇಕು ಅಂದ್ರೆ ಗ್ಲೌಸ್ ತಾಗಿಸೋದು ನೋಡ್ಬೇಡಿ, ಅದು ಬರೀ ಫಾರ್ಮಾಲಿಟಿ, ಕಾರ್ನರ್ ನೋಡಿ. 1975ರಲ್ಲಿ ಮನಿಲಾದಲ್ಲಿ 14 ರೌಂಡ್ ಆದ್ಮೇಲೆ ಫ್ರೇಜಿಯರ್ ಬೇಡ ಬೇಡ ಅಂದ್ರೂ ಅವನ ಟ್ರೈನರ್ ಎಡ್ಡಿ ಫಚ್ ಫೈಟ್ ನಿಲ್ಲಿಸಿದ್ರು. 2016ರಲ್ಲಿ ಕ್ರಿಸ್ ಯುಬ್ಯಾಂಕ್ ತನ್ನ ಮಗನ ಫೈಟ್ ಮಧ್ಯೆ ಕಾರ್ನರಲ್ಲಿ ಅವನಿಗೆ, ರೆಫರಿ ನಿಲ್ಲಿಸ್ತಿಲ್ಲ, ತಲೆಗೆ ಹೊಡೀಬೇಡ ಹೊಟ್ಟೆಗೆ ಹೊಡಿ ಅಂತ ಹೇಳಿದ್ದ. ನಮ್ಮ ವಿಜೇಂದರ್ 2017ರಲ್ಲಿ ಮುಂಬೈಲಿ ಚೀನಾದ ಜುಲ್ಪಿಕರ್ ವಿರುದ್ಧ ಗೆದ್ದು, ಗಡಿಲಿ ಶಾಂತಿ ಇರ್ಲಿ, ಈ ಬೆಲ್ಟ್ ವಾಪಸ್ ಕೊಡ್ತೀನಿ ಅಂದ, ಅದೂ ಫೈಟ್ ಪೂರ್ತಿ ಸೊಂಟದ ಕೆಳಗೆ ಏಟು ತಿಂದು.

ಆ ಫೈಟಿನ ಸ್ಕೋರಲ್ಲೇ ಕೊನೇ ಟಿಪ್ ಇದೆ. 96-93, 95-94, 95-94. ಹತ್ತು ರೌಂಡ್ ಮಾಮೂಲಾಗಿ 10-9 ಹಂಗೆ, ಅಂದ್ರೆ ರೌಂಡ್ ಗೆದ್ದವನಿಗೆ 10 ಸೋತವನಿಗೆ 9 ಹಂಗೆ ಹೋದ್ರೆ ಇಬ್ರದ್ದೂ ಸೇರಿ 190 ಬರ್ಬೇಕು, ಇಲ್ಲಿ ಮೂರ್ರಲ್ಲೂ 189, ಯಾಕಂದ್ರೆ ಕೆಳಗೆ ಹೊಡೆದಿದ್ದಕ್ಕೆ ಜುಲ್ಪಿಕರ್‌ಗೆ ಒಂದು ಪಾಯಿಂಟ್ ಕಟ್. ಅದಿಲ್ದಿದ್ರೆ ಎರಡು ಕಾರ್ಡ್ 95-95, ಫೈಟ್ ಡ್ರಾ. ಮನೇಲಿ ಕೂತು ಸ್ಕೋರ್ ಬರೆಯೋರು ಕಟ್ ಆದ ಪಾಯಿಂಟಿಗೆ ಬೇರೆ ಕಾಲಮ್ ಹಾಕ್ಕೊಳ್ಳಿ, ಇಲ್ಲಾಂದ್ರೆ ಕೊನೇಲಿ ಲೆಕ್ಕ ತಾಳೆ ಆಗಲ್ಲ.