ಮಡಚುವ ಸೈಕಲ್ ಕೊಳ್ಳುವ ಮೊದಲು ಮಡಚಿ, ಎತ್ತಿ ನೋಡಿ

ಮೊನ್ನೆ ಊಟದ ಹೊತ್ತಿಗೆ ಆಫೀಸಿನ ಹುಡುಗನೊಬ್ಬ ಮೊಬೈಲ್ ತಂದು ತೋರಿಸಿದ. ಹೊಸ ಮಾದರಿಯ ಮಡಚುವ ಸೈಕಲ್. ಹತ್ತು ಸೆಕೆಂಡಿನಲ್ಲಿ ಮಡಚಿ, ಕೈಯಲ್ಲಿ ಹಿಡಿದು ಮೆಟ್ರೋ ಹತ್ತುತ್ತಾರೆ. "ತಗೊಳ್ಳಬಹುದಾ ಅಕ್ಕ?" ಎಂದ. ನಮ್ಮಲ್ಲಿ ಮೆಟ್ರೋ ಇಲ್ಲ, ಎಕ್ಸ್‌ಪ್ರೆಸ್ ಬಸ್ ಉಂಟು.

ಆರು ವರ್ಷದಿಂದ ನನ್ನ ದಾರಿ ಇದೇ. ಮೂಲ್ಕಿಯ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಸೈಕಲ್, ಉಡುಪಿಗೆ ಬಸ್, ಅಲ್ಲಿಂದ ಮಣಿಪಾಲಕ್ಕೆ ಮತ್ತೆ ಸೈಕಲ್. ಈಗಿನದು ಎರಡನೆಯದು. ಮೊದಲನೆಯದನ್ನು ವಿಡಿಯೋ ನೋಡಿಯೇ ತಗೊಂಡಿದ್ದೆ. ಜೂನ್ ತಿಂಗಳು, ಜೋರು ಮಳೆ, ಒಂದು ಕೈಯಲ್ಲಿ ಕೊಡೆ. ಕಂಡಕ್ಟರ್ "ಬೇಗ ಬೇಗ" ಅನ್ನುತ್ತಿದ್ದಾರೆ. ಬಸ್ಸಿನ ಮೆಟ್ಟಿಲ ಮೇಲೆ ಎತ್ತಿದ ಕೂಡಲೇ ಸೈಕಲ್ ನಡುವೆ ಬಿಚ್ಚಿಕೊಂಡಿತು. ಮುಂದಿನ ಚಕ್ರ ತಿರುಗಿ ಹೋಗಿ ಸೀಟಿನಲ್ಲಿದ್ದ ಅಜ್ಜಿಯ ಮೊಣಕಾಲಿಗೆ ಬಡಿಯಿತು. "ದಾಲ ಇಜ್ಜಿ ಮಗಾ" (ಏನಿಲ್ಲ ಮಗಾ) ಎಂದು ತುಳುವಿನಲ್ಲಿ ಹೇಳಿದರು ಪಾಪ, ಆದರೆ ಕಾಲು ಉಜ್ಜಿಕೊಳ್ಳುತ್ತಲೇ ಇದ್ದರು. ಮಡಚಿದ ಎರಡು ಭಾಗವನ್ನು ಹಿಡಿದಿಟ್ಟಿದ್ದು ನಾಣ್ಯದಷ್ಟು ದೊಡ್ಡ ಒಂದು ಆಯಸ್ಕಾಂತ, ಅಷ್ಟೇ.

ಹಾಗಾಗಿ ಮೊದಲು ಓಡಿಸಿ ನೋಡಬೇಡಿ. ಮಡಚಿ, ಸೀಟು ಹಿಡಿದು ಎತ್ತಿ, ಚೆನ್ನಾಗಿ ಅಲ್ಲಾಡಿಸಿ. ಬಿಚ್ಚಿಕೊಂಡರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಲಂಡನ್ನಿನ ಬ್ರಾಂಪ್ಟನ್ ಸೈಕಲ್‌ನಲ್ಲಿ ಹಿಂದಿನ ಚಕ್ರ ಅಡಿಗೆ ಮಡಚಿಕೊಳ್ಳುತ್ತದೆ, ಸೀಟಿನ ಕಂಬ ಕೆಳಗಿಳಿಸಿದರೆ ಎಲ್ಲ ಲಾಕ್ ಆಗುತ್ತದೆ. ಚೈನ್ ಎರಡು ಚಕ್ರಗಳ ನಡುವೆ ಸೇರಿಬಿಡುವುದರಿಂದ ಪಕ್ಕದವರ ಬಟ್ಟೆಗೆ ಗ್ರೀಸ್ ತಾಗುವುದಿಲ್ಲ. ಯಾವುದೇ ಹೊಸ ವಿನ್ಯಾಸ ಬರಲಿ, ಈ ಎರಡು ವಿಷಯ ಮೊದಲು ನೋಡುತ್ತೇನೆ.

ತೂಕ ಅಂಕಿಯಲ್ಲಿ ಅರ್ಥವಾಗುವುದಿಲ್ಲ. 12 ಕೆ.ಜಿ. ಎಂದು ಬರೆದಿದ್ದರೆ 10 ಕೆ.ಜಿ. ಅಕ್ಕಿ ಚೀಲಕ್ಕೆ ಎರಡು ಲೀಟರ್ ನೀರು ಸೇರಿಸಿ, ಒಂದೇ ಕೈಯಲ್ಲಿ ಹಿಡಿದು ರೈಲ್ವೆ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿಯಿರಿ. ಆಗ ಗೊತ್ತಾಗುತ್ತದೆ. ಮಡಚಿದ ಮೇಲೂ ಉರುಳಿಸಿಕೊಂಡು ಹೋಗಲು ಬರುವುದಾದರೆ ಸ್ವಲ್ಪ ಭಾರ ಜಾಸ್ತಿ ಇದ್ದರೂ ನಡೆಯುತ್ತದೆ.

ಹಗುರ ಬೇಕೆಂದು ಚಕ್ರ ತೀರಾ ಚಿಕ್ಕದಾಗಬಾರದು. 2006ರಲ್ಲಿ ಬಂದ ಎ-ಬೈಕ್ 6 ಕೆ.ಜಿ.ಗಿಂತ ಕಡಿಮೆ ಇತ್ತು, ಚಕ್ರ ಮಾತ್ರ 6 ಇಂಚು. ನಮ್ಮ ಮಳೆಗಾಲದ ಹೊಂಡಕ್ಕೆ ಅಂಥ ಚಕ್ರ ಪೂರ್ತಿ ಇಳಿದುಬಿಡುತ್ತದೆ. ನನ್ನ ಮಟ್ಟಿಗೆ 16 ಇಂಚಿಗಿಂತ ಕಡಿಮೆ ಬೇಡ, 20 ಇಂಚು ಒಳ್ಳೆಯದು.

ಇಲ್ಲೊಂದು ಮೋಸ ಹೋಗುವ ಜಾಗ ಉಂಟು. ಟೈರ್ ಪಕ್ಕದಲ್ಲಿ 40-406 ಎಂಬ ಹಾಗೆ ಅಚ್ಚೊತ್ತಿರುತ್ತಾರೆ. ಎರಡನೇ ಅಂಕಿಯೇ ಮುಖ್ಯ, ಅದು ರಿಮ್ಮಿನ ಅಳತೆ. 20 ಇಂಚು ಅನ್ನುವುದರಲ್ಲೇ 406 ಉಂಟು, 451 ಉಂಟು. 16 ಇಂಚಿನಲ್ಲಿ 305 ಮತ್ತು 349. ಒಂದರ ಟೈರ್ ಇನ್ನೊಂದಕ್ಕೆ ಕೂರುವುದಿಲ್ಲ. ಮಕ್ಕಳ ಸೈಕಲ್ಲಿನ ದಪ್ಪ 20 ಇಂಚು ಟೈರ್ ಸಾಮಾನ್ಯವಾಗಿ 406. ನಂಬರ್ ಬರೆದುಕೊಂಡು ನಿಮ್ಮ ಊರಿನ ಸೈಕಲ್ ಅಂಗಡಿಯಲ್ಲಿ ಕೇಳಿ. ಅಲ್ಲಿ ಸಿಗದಿದ್ದರೆ ಪಂಕ್ಚರ್ ಆದ ದಿನ ಸೈಕಲ್ ಮನೆಯಲ್ಲೇ.

ಹಿಂಜ್, ಅಂದರೆ ಮಡಚುವ ಕೀಲು, ಅದರ ಪರೀಕ್ಷೆಗೆ ಎರಡು ನಿಮಿಷ ಸಾಕು. ಸೈಕಲ್ ಬಿಚ್ಚಿ ನಿಲ್ಲಿಸಿ, ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿಯಿರಿ. ಇನ್ನೊಂದು ಕೈಯ ಹೆಬ್ಬೆರಳನ್ನು ನಡುವಿನ ಹಿಂಜ್ ಕೂಡುವ ಗೆರೆಯ ಮೇಲಿಟ್ಟು, ಸೊಂಟದಿಂದ ಸೀಟನ್ನು ಹಿಂದೆ ಮುಂದೆ ದೂಡಿ. ಗೆರೆ ಕೂದಲೆಳೆಯಷ್ಟು ಅಲುಗಿದರೂ ಹೆಬ್ಬೆರಳಿಗೆ ತಿಳಿಯುತ್ತದೆ. ಹೊಸತರಲ್ಲೇ ಅಲುಗುವುದು ಆರು ತಿಂಗಳಲ್ಲಿ ಕಟಕಟ ಅನ್ನುತ್ತದೆ. ಹ್ಯಾಂಡಲ್ ಮಡಚುವ ಕಡೆ ಇನ್ನೂ ಹುಷಾರು. ಲಿವರ್ ತಾನಾಗಿ ಸಡಿಲವಾದರೂ ಹ್ಯಾಂಡಲ್ ಬೀಳದಂತೆ ತಡೆಯುವ ಎರಡನೇ ಕೊಕ್ಕೆ ಇರಲೇಬೇಕು. ಅದು ಇಲ್ಲದ ಸೈಕಲ್ಲಿನಲ್ಲಿ ನಾನು ಮಣಿಪಾಲದ ಇಳಿಜಾರಿನಲ್ಲಿ ಇಂದ್ರಾಳಿ ಕಡೆಗೆ ಇಳಿಯುವುದಿಲ್ಲ. ಮಡಚಿದಾಗ ಬ್ರೇಕ್ ಕೇಬಲ್ ಎಲ್ಲಿಯೂ ಸಿಕ್ಕಿ ಒತ್ತಿಹೋಗುವುದಿಲ್ಲವೇ ಎಂದೂ ನೋಡಿ.

ಮಣಿಪಾಲದ ಏರು ಹತ್ತಬೇಕಾದವರು ಚೈನ್ ಕೂರುವ ಚಕ್ರಗಳ ಹಲ್ಲು ಎಣಿಸಿ. ಪೆಡಲ್ ಹತ್ತಿರ 52 ಹಲ್ಲು, ಹಿಂದಿನ ಫ್ರೀವೀಲ್‌ನಲ್ಲಿ ಒಂದೇ ಗೇರ್, 14 ಹಲ್ಲು ಎಂದಿಟ್ಟುಕೊಳ್ಳಿ. 20 ಇಂಚಿನ ಚಕ್ರದಲ್ಲಿ ಪೆಡಲ್ ಒಂದು ಸುತ್ತಿಗೆ ಸುಮಾರು 5.7 ಮೀಟರ್ ಹೋಗುತ್ತದೆ. ಏರಿನಲ್ಲಿ ಅದನ್ನು ತುಳಿಯಲಿಕ್ಕೆ ಆಗುವುದಿಲ್ಲ. ಹಿಂದೆ 28 ಹಲ್ಲು ಇದ್ದರೆ 2.8 ಮೀಟರ್. ಕೂತೇ ಹತ್ತಬಹುದು.

ಉಳಿದದ್ದು ಉಪ್ಪುಗಾಳಿ. ಕಡಲು ಇಷ್ಟು ಹತ್ತಿರ, ಬೋಲ್ಟ್‌ಗೆ ತುಕ್ಕು ಬೇಗ. 1987ರ ಸ್ಟ್ರೈಡಾ ಸೈಕಲ್ಲಿನ ಹಾಗೆ ಚೈನ್ ಬದಲು ಬೆಲ್ಟ್ ಇದ್ದರೆ ತುಕ್ಕಿಲ್ಲ, ಎಣ್ಣೆಯಿಲ್ಲ, ಚೂಡಿದಾರವೂ ಹಾಳಾಗುವುದಿಲ್ಲ. ಬೆಲ್ಟ್ ತುಂಡಾದರೆ ಎಲ್ಲಿಂದ ತರಿಸಬೇಕು ಎಂದು ಮಾತ್ರ ಮೊದಲೇ ಕೇಳಿಡಿ. ಮಡ್‌ಗಾರ್ಡ್ ಇಲ್ಲದ್ದು ನಮಗೆ ಬೇಡವೇ ಬೇಡ.

ಆ ಹುಡುಗನಿಗೆ ಸೋಮವಾರ ಬೆಳಿಗ್ಗೆ ಉಡುಪಿ ಬಸ್‌ಸ್ಟ್ಯಾಂಡಿಗೆ ಬರಲು ಹೇಳಿದ್ದೇನೆ. ನನ್ನ ಸೈಕಲ್ ಮಡಚಿ ಅವನೇ ಒಮ್ಮೆ ಬಸ್ ಹತ್ತಿಸಲಿ. ಮಳೆ ಬಂದರೆ ಇನ್ನೂ ಒಳ್ಳೆಯದು.