ಮನೆ ಕಟ್ಟುವ ಮುಂಚೆ ಕಾರ್ಬನ್ ಇಳಿಸೋದು ಹೇಗೆ?

ಸೋಲಾರ್ ಪ್ಯಾನೆಲ್ ಆಮೇಲೆ ನೋಡೋಣ. ಮೊದಲು ಹಳೇ ಕಟ್ಟಡ ಕೆಡವಲೇಬೇಕಾ ಅಂತ ಕೇಳಿಕೊಳ್ಳಿ. ಪಾಯ, ಕಂಬ ಗಟ್ಟಿಯಾಗಿದ್ದರೆ ಉಳಿಸಿಕೊಳ್ಳಿ, ಯಾಕಂದ್ರೆ ಜಗತ್ತಿನ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು 8% ಬರೋದು ಸಿಮೆಂಟ್ ತಯಾರಿಕೆಯಿಂದ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಗೂಡಿನ ಬೆಂಕಿಯಿಂದಲ್ಲ, ಸುಣ್ಣದಕಲ್ಲು ಕಾದಾಗ ಕಲ್ಲಿನೊಳಗಿಂದಲೇ ಹೊರಬರುತ್ತದೆ.

ಹೊಸದಾಗಿ ಕಟ್ಟಲೇಬೇಕಾದರೆ ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಉಳಿಯೋ ಬೂದಿ) ಅಥವಾ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆತ ಸಿಮೆಂಟ್ ಕೇಳಿ, ಅದರಲ್ಲಿ ಸುಣ್ಣದಕಲ್ಲು ಸುಟ್ಟು ಮಾಡಿದ ಭಾಗ ಕಡಿಮೆ. ಇದು ನಿಧಾನವಾಗಿ ಗಟ್ಟಿಯಾಗುತ್ತದೆ, ಹಾಗಾಗಿ ಸೆಂಟ್ರಿಂಗ್ ಬಿಚ್ಚೋಕೆ ಆತುರ ಬೇಡ, ಕ್ಯೂರಿಂಗ್‌ಗೆ ನೀರು ಹಾಕೋದನ್ನ ಎರಡೇ ದಿನಕ್ಕೆ ನಿಲ್ಲಿಸಬೇಡಿ (ಎಲ್ಲರೂ ಎಡವೋದು ಇಲ್ಲೇ).

ಪ್ಲಾನ್ ಹರಡಿಕೊಂಡು ಪಶ್ಚಿಮದ ಗೋಡೆಯ ಮೇಲೆ ಬೆರಳಿಡಿ. ಅಲ್ಲಿ ದೊಡ್ಡ ಗಾಜು ಇದ್ದರೆ ತೆಗೆಸಿ. ಸಂಜೆ ಬಿಸಿಲು ಓರೆಯಾಗಿ ಬರುತ್ತದೆ, ಮೇಲಿನ ಸಜ್ಜಾ ಅದನ್ನ ತಡೆಯಲ್ಲ, ಆಮೇಲೆ ಸುಮ್ನೆ ಎಸಿ ಹಾಕ್ಕೊಂಡು ಕೂರಬೇಕು, ಅಲ್ವಾ?